ಮಾಳಿಗೆ ಮೇಲಿನ ಮೀನಿನ ಬಲೆ

ಮಾಳಿಗೆಗೆ ಮೀನಿನ ಬಲೆ ಏರಿತು. ನಮ್ಮ ಅತ್ತೆ ಪೂಜೆಯ ಬುಟ್ಟಿ ಸಮೇತ ಕೆಳಗಿಳಿದರು.

ನಮ್ಮದು ಲಿಂಗಪೂಜೆಯಾಗದೆ ಚಹಾ ಕೂಡ ಕುಡಿಯದ ಮನೆ. (ನಾನು ಕದ್ದು ಕುಡಿಯುತ್ತೇನೆ, ಅದು ಬೇರೆ ಮಾತು.) ಅತ್ತೆ ಪೂಜೆಗೆ ಕೂಡುವುದು ಮಾಳಿಗೆ ಮೇಲಿನ ಕೋಣೆಯಲ್ಲಿ. ಸಿಂಧನೂರಿನ ಬಿಸಿಲು ನಿಮಗೆ ಗೊತ್ತಲ್ಲ? ಬೇಸಿಗೆಯಲ್ಲಿ ಆ ಕೋಣೆ ಕಾದ ರೊಟ್ಟಿ ಹಂಚು. ಹೋದ ವರ್ಷ ಅಲ್ಲೇ ತಲೆ ಸುತ್ತಿ ಬಿದ್ದಿದ್ದರು.

ಆರ್ಕಿಟೆಕ್ಚರ್ ಓದುವ ನನ್ನ ಮಗಳು ಉಪಾಯ ಹೇಳಿದಳು. ಏಸಿ ಗೀಸಿ ಬೇಡ. ದಢೇಸುಗೂರಿನ ಕಡೆ ಮೀನು ಹೊಂಡದವರು ಹಳೇ ಬಲೆಗಳನ್ನು ಕಾಲುವೆ ದಂಡೆಯಲ್ಲಿ ಸುಡುತ್ತಾರೆ. ಅವನ್ನೇ ತಂದು ಪೈಪಿಗೆ ಬಿಗಿದು, ಕೋಣೆಯ ಮೇಲೂ ಮುಂದೂ ಚಪ್ಪರ ಹಾಕಿ ಹೀರೆ ಬಳ್ಳಿ ಹಬ್ಬಿಸಿದರೆ ಆಯಿತು. ಗ್ರೀನ್ ಬಿಲ್ಡಿಂಗ್!

ಅತ್ತೆಗೆ ಇದು ನರ್ಸರಿಯ ನೆಟ್ ಅಂದಿದ್ದೆವು. ಕಟ್ಟಲು ಬಂದ ಹೊಂಡದ ಅಂಬಣ್ಣ ಬಾಯಿ ಬಿಟ್ಟ.

"ಭಾಳ ಗಟ್ಟಿ ಬಲೆರಿ ಅವ್ವಾರೆ. ಎಂತೆಂಥಾ ಮೀನ ಹಿಡದೈತ್ರಿ ಇದು!"

ಮುಗೀತು ಕಥೆ. ಸೋಪಿನ ಪುಡಿ ಹಾಕಿ ತೊಳೆದೆವು, ಅರಿಶಿನದ ನೀರು ಚಿಮುಕಿಸಿದೆವು. ಅತ್ತೆ ಕೇಳಬೇಕಲ್ಲ?

"ನನ್ನ ಲಿಂಗಯ್ಯನ ತಲಿ ಮ್ಯಾಲ ಮೀನಿನ ಬಲೆ ಕಟ್ಟೀರಿ. ನಾ ಒಲ್ಲೆ."

ಬಳ್ಳಿ ಹಬ್ಬಿತು, ಹಳದಿ ಹೂ ಬಿಟ್ಟಿತು. ಅತ್ತೆಯ ಪೂಜೆ ಮಾತ್ರ ಅಡುಗೆಮನೆಯ ಸೆಕೆಯಲ್ಲೇ. ನನಗೆ ಸಿಟ್ಟೂ ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಮತ್ತೆ ತಲೆ ಸುತ್ತಿ ಬಿದ್ದರೆ?

ಹೋದ ಸೋಮವಾರ ನಮ್ಮ ಮನೆತನದ ಗುರುಗಳಾದ ಅಯ್ಯನವರು ಪ್ರಸಾದಕ್ಕೆ ಬಂದರು. ಅತ್ತೆ ಫಿರ್ಯಾದು ಹೇಳುತ್ತಲೇ ಅವರನ್ನು ಮಾಳಿಗೆಗೆ ಕರೆದೊಯ್ದರು. ಬೆವರು ಒರೆಸಿಕೊಳ್ಳುತ್ತಿದ್ದ ಅಯ್ಯನವರು ಚಪ್ಪರದ ಕೆಳಗೆ ನಿಂತರು. ಶಲ್ಯ ತೆಗೆದರು. ಕೂತೇಬಿಟ್ಟರು!

"ಅಯ್ಯಾರ, ಅದು ಮೀನಿನ ಬಲೆರೀ!"

"ಗಾಳಿ ಚಲೋ ಬರಾಕತ್ತೈತಿ ತಾಯಿ. ಪ್ರಸಾದದ ಎಡಿ ಇಲ್ಲೇ ತರ್ರಿ."

ಗುರುಗಳೇ ಕೂತು ಉಂಡ ಮೇಲೆ ಇನ್ನೆಂಥ ಮೈಲಿಗೆ? ಮರುದಿನ ಬೆಳಿಗ್ಗೆ ಅತ್ತೆ ಪೂಜೆಯ ಬುಟ್ಟಿ ಹಿಡಿದು ಮಾಳಿಗೆ ಹತ್ತಿದರು.

ನಿನ್ನೆ ಸಡಿಲಾದ ಹಗ್ಗ ಬಿಗಿಯಲು ಅಂಬಣ್ಣ ಬಂದಿದ್ದ. ಕೆಲಸ ಮುಗಿಸಿ ಇಳಿದು, ಗೇಟಿನ ಹೊರಗೆ ನಿಂತ. ನಮ್ಮ ಓಣಿಯಲ್ಲಿ ಅಂಥವರಿಗೆ ಚಹಾ ಕೊಡುವುದು ಅಲ್ಲೇ (ಹೌದು, ಈಗಲೂ). ಅತ್ತೆ ಮೇಲಿನಿಂದ ಕೂಗಿದರು.

"ಅಲ್ಯಾಕ ಬಿಸಿಲಾಗ ನಿಂತೀಯೋ ತಮ್ಮಾ? ನೀ ಕಟ್ಟಿದ ನೆಳ್ಳು ಇದು. ಮ್ಯಾಲೆ ಬಾ, ಕುಂದ್ರು."

ಇಬ್ಬರೂ ಬಳ್ಳಿಯ ಕೆಳಗೆ ಕೂತು ಚಹಾ ಕುಡಿದರು. ನನಗಂತೂ ಹೊಟ್ಟೆ ತುಂಬಿದಷ್ಟು ಖುಷಿಯಾಯಿತು.

ಅಂದಹಾಗೆ, ನಿಮ್ಮ ಮನೆಯ ನೆರಳಿನಲ್ಲಿ ಯಾರ್ಯಾರು ಕೂಡಬಹುದು?