ಕಾಲ್ಗುಣದ ಲೆಕ್ಕ

ನನ್ನದು ಅನುಮಾನದ ಸ್ವಭಾವ. ಮನೆಯಲ್ಲಿ ಹಾಲು ಒಡೆದರೆ ಮೊದಲು ಹಾಲಿನವನ ಮೇಲೆ, ಆಮೇಲೆ ಪಾತ್ರೆಯ ಮೇಲೆ, ಕೊನೆಗೆ ಪಾತ್ರೆ ತೊಳೆದವರ ಮೇಲೆ ಅನುಮಾನಪಡುತ್ತೇನೆ. ತೊಳೆದವರು ನೀವೇ ಎಂದು ಹೆಂಡತಿ ನೆನಪಿಸಿದಾಗ ತನಿಖೆ ನಿಲ್ಲುತ್ತದೆ. ಕೊಟ್ಟೂರಿನಲ್ಲಿ ಬಹಳ ವರ್ಷ ಜೀವಶಾಸ್ತ್ರದ ಪಾಠ ಹೇಳಿದವನು ನಾನು. ಈ ಗುಣಕ್ಕೆ ವೈಜ್ಞಾನಿಕ ಮನೋಭಾವ ಎಂದು ಹೆಸರಿಟ್ಟುಕೊಂಡು ಮರ್ಯಾದೆಯಿಂದಲೇ ನಿವೃತ್ತನಾದೆ.

ಆ ಮರ್ಯಾದೆಗೆ ಕುತ್ತು ತಂದವಳು ನನ್ನ ಅಕ್ಕನ ಮಗಳು ವೀಣಾ. ಪ್ರಯೋಗಾಲಯವೊಂದರಲ್ಲಿ ಜೀನುಗಳ ಬಗ್ಗೆ ಸಂಶೋಧನೆ ಮಾಡುತ್ತಾಳೆ. ರೋಗ ಹಿಡಿದ ಜೀವಕೋಶದಲ್ಲಿ ಒಂದು ಜೀನು ಜೋರಾಗಿ ಕೆಲಸ ಮಾಡುತ್ತಿದ್ದರೆ, ರೋಗ ತಂದದ್ದು ಅದೇನಾ, ಇಲ್ಲ ರೋಗ ಬಂದಿತೆಂದು ಓಡಿಬಂದದ್ದಾ? ಸಂಖ್ಯಾಶಾಸ್ತ್ರ ಹಿಡಿದು ಇದನ್ನು ಬಿಡಿಸುವುದೇ ಅವಳ ಕೆಲಸ. ಇದಕ್ಕೂ ಸಂಬಳ ಕೊಡುತ್ತಾರಾ ಎಂದು ನನಗೆ ಅನುಮಾನವಿತ್ತು.

ಹೋದ ವರ್ಷ ಅವಳು ನಮ್ಮ ಮನೆಗೆ ಬಂದಿದ್ದಾಗಲೇ ಹೊಸಹಳ್ಳಿ ಕಡೆಯ ಕರಿಯಪ್ಪ ಬಂದ. ನನ್ನ ಹಳೆಯ ಶಿಷ್ಯ, ಕುರಿ ಸಾಕಿಕೊಂಡಿದ್ದಾನೆ. ಕೂತರೂ ಬಂದ ವಿಷಯ ಬಾಯಿಗೆ ಬರಲೊಲ್ಲದು. ಚಹಾ ತಣ್ಣಗಾದ ಮೇಲೆ ಹೇಳಿದ.

"ಮರಿಗೋಳು ಉಚ್ಚಿಕೊಂಡು ಸಾಯಾಕ ಹತ್ಯಾವ್ರಿ ಸಾರ್. ದುರುಗಮ್ಮ ಯಾವ ರೊಪ್ಪಕ್ಕ ಕಾಲಿಟ್ಟಾಳ, ಆ ರೊಪ್ಪದಾಗ ಮರಿ ಉಳಿದಿಲ್ಲ."

ರೊಪ್ಪ ಎಂದರೆ ಕುರಿದೊಡ್ಡಿ. ದುರುಗಮ್ಮ ಅವನ ದೊಡ್ಡವ್ವ. ತಾಯಿ ತೀರಿಕೊಂಡ ಮೇಲೆ ಇವನನ್ನು ಎತ್ತಿ ಬೆಳೆಸಿದವಳು. ಕುರಿಗೆ ಜಡ್ಡಾದರೆ ಸೊಪ್ಪಿನ ರಸ ಕುಡಿಸುವುದು ಅವಳ ಕಸುಬು. ಈಗ ಅವಳ ಕಾಲ್ಗುಣ ಕೆಟ್ಟದ್ದೆಂದು ಊರು ತೀರ್ಮಾನಿಸಿತ್ತು. ಅವಳು ಬೀದಿಗೆ ಬಂದರೆ ಹೆಂಗಸರು ಮರಿಗಳನ್ನು ಒಳಗೆ ಅಟ್ಟಿಕೊಳ್ಳುತ್ತಿದ್ದರಂತೆ.

"ನೀನೂ ಬರಬ್ಯಾಡ ಅಂದ್ಯಾ?" ಎಂದಳು ವೀಣಾ.

"ಅಂದೀನ್ರಿ," ಎಂದು ಕರಿಯಪ್ಪ ತಲೆ ತಗ್ಗಿಸಿದ.

ನನಗೂ ದುರುಗಮ್ಮನ ಮೇಲೆ ಅನುಮಾನ ಬಂತು. ಕಾಲ್ಗುಣದ್ದಲ್ಲ, ಕೈಯದ್ದು. ಕೈ ತೊಳೆಯದೆ ಒಂದು ರೊಪ್ಪದಿಂದ ಇನ್ನೊಂದಕ್ಕೆ ಸೋಂಕು ಹೊತ್ತು ತಿರುಗುತ್ತಿರಬೇಕು. ಊರವರದು ಮೂಢನಂಬಿಕೆ, ನನ್ನದು ವಿಜ್ಞಾನ. ಆದರೆ ಇಬ್ಬರ ಬೆರಳೂ ಒಬ್ಬಳೇ ಮುದುಕಿಯ ಕಡೆ ತಿರುಗಿದ್ದು ಆಗ ನನಗೆ ಹೊಳೆಯಲಿಲ್ಲ.

ಮರುದಿನವೇ ಅವನ ಊರಿಗೆ ಹೊರಟೆವು. ವೀಣಾ ಮನೆಮನೆಗೂ ಹೋಗಿ ಎರಡೇ ಪ್ರಶ್ನೆ ಕೇಳಿದಳು: ಮೊದಲ ಮರಿಗೆ ಭೇದಿ ಶುರುವಾದದ್ದು ಯಾವತ್ತು? ದುರುಗಮ್ಮ ಬಂದದ್ದು ಯಾವತ್ತು?

ಕರಿಯಪ್ಪ ನೆನಪಿಸಿಕೊಂಡ. "ಶುರುವಾಗಿದ್ದು ಸಂತಿ ದಿನಾರಿ. ಆಕಿನ್ನ ಕರಕೊಂಡು ಬಂದಿದ್ದು..." ಬೆರಳು ಮಡಚಿ ಎಣಿಸಿದ. "ಮರುದಿನ."

"ಅಂದ್ರ ಜಡ್ಡು ಮೊದ್ಲು, ಅಜ್ಜಿ ಆಮ್ಯಾಲೆ," ಎಂದಳು ವೀಣಾ. "ಮರಿಗೆ ಜೋರಾಗಿತ್ತಂತ ಆಕಿನ್ನ ಕರದ್ರಿ. ಆಕಿ ಬಂದಿದ್ದಕ್ಕ ಜೋರಾಗಿದ್ದಲ್ಲ."

ಎಲ್ಲ ಮನೆಯಲ್ಲೂ ಹೆಚ್ಚುಕಡಿಮೆ ಇದೇ ಕಥೆ. ನಾನು ಬಿಡಲಿಲ್ಲ. ಮೊದಲೇ ಇದ್ದ ಜಡ್ಡನ್ನು ಅಜ್ಜಿ ಹೆಚ್ಚು ಮಾಡಿರಬಹುದಲ್ಲ? ಅದಕ್ಕೂ ವೀಣಾಳಲ್ಲಿ ದಾರಿಯಿತ್ತು. ಶುರುವಿನಲ್ಲಿ ಒಂದೇ ಸಮ ಜಡ್ಡಾಗಿದ್ದ ರೊಪ್ಪಗಳನ್ನು ಆರಿಸಿ, ಅಜ್ಜಿಯನ್ನು ಕರೆಸಿದವರನ್ನೂ ಕರೆಸದವರನ್ನೂ ಪಕ್ಕಪಕ್ಕ ಬರೆದಳು. ಅಜ್ಜಿ ಹೋದ ಕಡೆ ಸಾವು ಹೆಚ್ಚಿರಲಿಲ್ಲ. ಒಂದಿಷ್ಟು ಕಡಿಮೆಯೇ ಇತ್ತು. ದನದ ಡಾಕ್ಟರು ಪರೀಕ್ಷೆಗೆ ಕಳಿಸಿದ್ದ ಹಿಕ್ಕೆಯ ವರದಿಯೂ ಅಷ್ಟರಲ್ಲಿ ಬಂತು. ಅಜ್ಜಿ ಹೊಸಿಲು ತುಳಿಯದ ರೊಪ್ಪಗಳಲ್ಲೂ ಅದೇ ರೋಗಾಣುವಿನ ಜೀನಿನ ಗುರುತು ಸಿಕ್ಕಿತ್ತು.

"ಹಂಗಾದ್ರ ರೋಗಾಣುವೇ ಕಾರಣ," ಎಂದೆ ನಾನು.

"ಚಂದಾಗಿರೋ ಮರಿಯೊಳಗೂ ಅದು ಐತಿ ಮಾಮಾ. ಕುರಿ ಕುಡಿಯೋ ಕುಂಟಿ ನೀರಿನ ಮ್ಯಾಲೆ ನನಗ ಅನುಮಾನ ಐತಿ, ಖಾತ್ರಿ ಇಲ್ಲ."

ನನಗೆ ಒಮ್ಮೆಗೇ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಹೇಳುತ್ತಿದ್ದ ಟ್ಯೂಷನ್ ಮೇಷ್ಟ್ರು ನೆನಪಾದರು. ಅವರ ಹತ್ತಿರ ಹೋದ ಹುಡುಗರೇ ಹೆಚ್ಚು ಫೇಲಾಗುತ್ತಿದ್ದರು. ಆ ಮನುಷ್ಯ ಮಕ್ಕಳನ್ನು ಕೆಡಿಸುತ್ತಾನೆಂದು ಸ್ಟಾಫ್ ರೂಮಿನಲ್ಲಿ ನಾನೇ ಹಬ್ಬಿಸಿದ್ದೆ. ಫೇಲಾಗುವ ಭಯವಿದ್ದವರೇ ಟ್ಯೂಷನ್ನಿಗೆ ಹೋಗುವುದು ಎಂಬುದು ನನ್ನ ತಲೆಗೆ ಬಂದಿರಲಿಲ್ಲ. ಅವರು ಈಗ ಹಡಗಲಿಯಲ್ಲಿದ್ದಾರೆ. ಎದುರು ಸಿಕ್ಕರೆ ನಮಸ್ಕಾರ ಮಾಡುತ್ತಾರೆ, ನಗುವುದಿಲ್ಲ.

ಕರಿಯಪ್ಪ ದೊಡ್ಡವ್ವನ ಬಾಗಿಲಿಗೆ ಹೋಗಿ ನಿಂತ. ನಾವು ಹಿಂದಿದ್ದೆವು.

"ತಪ್ಪಾತು ದೊಡ್ಡವ್ವ. ಬಾ, ಒಂದು ಮರಿ ಭಾಳ ಸೋತೈತಿ."

ಮುದುಕಿ ಅವನ ಮುಖ ನೋಡಲಿಲ್ಲ. "ಕಾಲು ತೊಳಕೊಂಡು ಬರ್ಲೇನು?" ಎಂದಳು.

ಅವನು ಅಲ್ಲೇ ಕುಸಿದು ಕೂತು ಅತ್ತ. ಅವಳು ಮೊರದಲ್ಲಿದ್ದ ಸೊಪ್ಪನ್ನು ಸೆರಗಿಗೆ ಹಾಕಿಕೊಂಡು ಮುಂದೆ ನಡೆದಳು.

ಕರಿಯಪ್ಪನ ರೊಪ್ಪದಲ್ಲಿ ನಾಲ್ಕು ಜನ ಸೇರಿದ್ದರು. ನನಗೆ ಹುರುಪು ಬಂತು. "ದುರುಗಮ್ಮನ ಔಷಧಿಯಿಂದಲೇ ಮರಿ ಉಳಿದಾವ!" ಎಂದು ಸಾರಿದೆ.

"ಹಂಗೂ ಹೇಳಾಕ ಬರಂಗಿಲ್ಲ," ಎಂದು ವೀಣಾ ತಡೆದಳು. "ಅಜ್ಜಿನ್ನ ಕರೆಸಿದೋರು ಮೊದ್ಲಿಂದಾನೂ ಕುರಿ ಚಂದ ನೋಡ್ಕೊಳ್ಳೋರು. ಮರಿ ಅದಕ್ಕ ಉಳಿದಿರಬಹುದು."

ದುರುಗಮ್ಮ ಸೊಪ್ಪು ಅರೆಯುವುದನ್ನು ನಿಲ್ಲಿಸಿದಳು. ಕಾಲ್ಗುಣದ ಮಾತು ಕೇಳಿ ಸುಮ್ಮನಿದ್ದವಳಿಗೆ ಈ ಮಾತು ನಾಟಿತ್ತು.

"ನನ್ನ ಔಷಧಿ ಖರೇನೋ ಸುಳ್ಳೋ ಹೆಂಗ ನೋಡ್ತೀಯವ್ವಾ?"

"ಚೀಟಿ ಎತ್ತೋದು ಅಜ್ಜಿ. ಅರ್ಧ ಮರಿಗೆ ಕುಡಿಸೋದು, ಅರ್ಧಕ್ಕ ಬಿಡೋದು."

"ಚೀಟಿ ನೀನ ಎತ್ತು. ಬಿಟ್ಟ ಮರಿ ಒದರಿದಾಗ ಅದರ ಮುಂದ ನೀನ ಕುಂದರಬೇಕು. ಕುಂದರತೀ?"

ವೀಣಾ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟು, ಮಂಡಿಯೂರಿ ಕೂತು ಮರಿಯ ಬಾಯಿ ಬಿಡಿಸಿ ಹಿಡಿದಳು. ಅಜ್ಜಿ ರಸ ಹಿಂಡಿದಳು. ಹಿಂದೆಯೇ ಕರಿಯಪ್ಪ ಡಾಕ್ಟರು ಕೊಟ್ಟ ಗುಳಿಗೆಯನ್ನೂ ಹಾಕಿದ.

ಮರಿ ಬದುಕಿತು. ಸೊಪ್ಪಿನ ಗುಣ ಎನ್ನುತ್ತಾಳೆ ದುರುಗಮ್ಮ, ಗುಳಿಗೆಯ ಗುಣ ಎನ್ನುತ್ತೇನೆ ನಾನು. ಒಂದೇ ಮರಿಯಿಂದ ಏನೂ ಹೇಳಲು ಬರುವುದಿಲ್ಲ ಎನ್ನುತ್ತಾಳೆ ವೀಣಾ. ಅಷ್ಟು ಹೇಳಿದವಳು ವಾರಕ್ಕೊಮ್ಮೆ ಫೋನು ಮಾಡಿ, ಬೇರೆ ಯಾವ ಸುದ್ದಿಗೂ ಮೊದಲು, ಆ ಮರಿ ಹೇಗಿದೆ ಎಂದು ಕೇಳುತ್ತಾಳೆ.