ಕಾಲು ನಿಮಿಷಕ್ಕೆ ಮೂವತ್ತು

ಹುಮನಾಬಾದಿನ ಬಸ್ ನಿಲ್ದಾಣದ ಎದುರಿಗೇ ಶೇವಂತಾಬಾಯಿಯ ಖಾನಾವಳಿ. ಒಮ್ಮೆ ಅಲ್ಲಿ ಉಂಡವರು ಇನ್ನೊಂದು ಖಾನಾವಳಿಯ ಮೆಟ್ಟಿಲು ಹತ್ತಿದ್ದನ್ನು ಯಾರೂ ಕಂಡಿಲ್ಲ. ಆಕೆಯ ಬದನೆಕಾಯಿ ಪಲ್ಯೆಗೆ ಬೀದರಿನ ವಕೀಲರೂ ಬಸ್ಸು ಬಿಟ್ಟುಕೊಂಡು ಕೂತದ್ದುಂಟು.

ಶೇವಂತಾಬಾಯಿ ದಪ್ಪಗಿದ್ದಳು. ಅದನ್ನು ಮುಚ್ಚಿ ಹೇಳುವುದರಲ್ಲಿ ಏನೂ ಹುರುಳಿಲ್ಲ. "ನಾ ತಿನ್ನೋದು ಎರಡ ರೊಟ್ಟಿರಿ, ದೇವರಾಣಿ," ಎನ್ನುತ್ತಿದ್ದಳು, ಅದೂ ಸುಳ್ಳಲ್ಲ. ಆದರೆ ರುಚಿ ನೋಡುವುದು? ಬೇಳೆಯದು ಒಂದು ಸೌಟು, ಪಲ್ಯೆಯದು ಅರ್ಧ ಸೌಟು, ಶೇಂಗಾ ಚಟ್ನಿಯದು ಒಂದು ಚಿಟಿಕೆ, ಉಪ್ಪು ಸರಿಹೋಯಿತೋ ಇಲ್ಲವೋ ಎಂದು ಮತ್ತೊಂದು ಸೌಟು. ಬೆಳಗಿನಿಂದ ಸಂಜೆಯವರೆಗೆ ಹೀಗೆ ನೋಡಿದ ರುಚಿಯೇ ಎರಡಾಳಿನ ಊಟವಾಗುತ್ತಿತ್ತು, ಅದನ್ನು ಆಕೆ ಊಟದ ಲೆಕ್ಕಕ್ಕೆ ಹಿಡಿದವಳೇ ಅಲ್ಲ.

೧೯೭೪ರ ಯುಗಾದಿ ಮುಗಿದ ವಾರ, ನೀರಿನ ಕೊಡ ಎತ್ತಲು ಹೋದವಳು ಅಲ್ಲೇ ಕುಸಿದಳು. ಕಣ್ಣಿಗೆ ಕತ್ತಲು, ಎದೆಯಲ್ಲಿ ದಡದಡ. ಡಾಕ್ಟರು ಕೈ ಹಿಡಿದು ನೋಡಿ, ಗಂಡ ವೈಜನಾಥನ ಕಡೆ ತಿರುಗಿದರು.

"ತೂಕ ಇಳೀಬೇಕ್ರಿ. ದಿನಾ ಮುಂಜಾನೆ ಮೂರು ಮೈಲು ನಡಸ್ರಿ. ನಡಿವಾಗ ನಾಡಿ ಕಾಲು ನಿಮಿಷಕ್ಕ ಮೂವತ್ತು ಬಡೀಬೇಕು. ಇಪ್ಪತ್ತೈದರ ಕೆಳಗ ಇದ್ರ ಕೊಬ್ಬು ಕರಗಂಗಿಲ್ಲ, ಮೂವತ್ತೆರಡು ದಾಟಿದ್ರ ಎದಿಗಿ ತ್ರಾಸು. ನೀವ ಎಣಸ್ರಿ, ನಿಮ್ಮ ಕೈಯಾಗ ಗಡಿಯಾರ ಅದ."

ಹೌದು, ಗಡಿಯಾರವಿತ್ತು. ವೈಜನಾಥ ಬಸ್ ನಿಲ್ದಾಣದ ಕಂಟ್ರೋಲರ್. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು ಎಂದು ರಿಜಿಸ್ಟರಿನಲ್ಲಿ ಬರೆಯುವುದೇ ಅವನ ಕೆಲಸ. ಕಡ್ಡಿಯಂಥ ಮನುಷ್ಯ, ಮಾತು ಅದಕ್ಕಿಂತ ತೆಳ್ಳಗೆ. ಊರಿನವರು ತಮ್ಮ ಗಡಿಯಾರವನ್ನು ಅವನನ್ನು ಕೇಳಿ ಸರಿಮಾಡಿಕೊಳ್ಳುತ್ತಿದ್ದರು.

"ಮತ್ತ ಇನ್ನೊಂದು," ಎಂದರು ಡಾಕ್ಟರು. "ದೀಪಾವಳಿತನಕ ನೋಡೋಣು. ಆಗೂ ಹಿಂಗ ಇದ್ರ ಖಾನಾವಳಿ ಬಂದ್ ಮಾಡ್ರಿ. ಒಲಿ ಮುಂದ ಕೂಡೋದು ಸಾಕು."

ಶೇವಂತಾಬಾಯಿಗೆ ಎದೆ ಧಸಕ್ಕೆಂದದ್ದು ಆಗ. ಎದೆ ನಿಂತೀತು ಎಂಬ ಅಂಜಿಕೆ ಆಕೆಗೆ ಅಷ್ಟಿರಲಿಲ್ಲ, ಒಲೆ ನಿಂತೀತು ಎಂಬುದೇ ದೊಡ್ಡ ಅಂಜಿಕೆ. ಇದ್ದೊಬ್ಬ ಮಗಳನ್ನು ಹುಲಸೂರಿಗೆ ಕೊಟ್ಟಾಗಿತ್ತು. ಒಲೆ ಆರಿದರೆ ಇಡೀ ದಿನ ಯಾರ ಮುಖ ನೋಡುತ್ತ ಕೂರುವುದು?

ಡಾಕ್ಟರ ಹತ್ತಿರ ತೂಕದ ಯಂತ್ರ ಇರಲಿಲ್ಲ. ಹಾಗಾಗಿ ರವಿವಾರ, ಕಾಳುಕಡಿಯ ಅಡತ ಅಂಗಡಿ ಮುಚ್ಚಿದ ದಿನ, ಅಲ್ಲಿ ಜೋಳದ ಚೀಲ ತೂಗುವ ಕಾಟಾದ ಮೇಲೆ ಸೆರಗು ಬಿಗಿದುಕೊಂಡು ಕೂತಳು. ಹಮಾಲಿ ಪಂಡರಿ ಕಲ್ಲು ಏರಿಸಿ ಇಳಿಸಿ ಹೇಳಿದ: "ಕ್ವಿಂಟಾಲಿಗಿ ಎಂಟ ಕಿಲೋ ಕಮ್ಮಿರಿ ಬಾಯಿ. ಚೀಲದ ತೂಕ ಕಳೀಲೇನು?"

"ನಿನ್ನ ತಾಟಿನಾಗಿನ ರೊಟ್ಟಿ ಕಳೀತೀನಿ, ತಡಿ!" ಎಂದಳು ಶೇವಂತಾಬಾಯಿ.

ಮರುದಿನದಿಂದ ನಡಿಗೆ. ಬೆಳಗಿನ ಐದೂವರೆಗೆ, ಕಲ್ಯಾಣದ ದಾರಿಯಲ್ಲಿ. ಆಕೆಯ ತವರು ಇದ್ದದ್ದೂ ಅದೇ ದಿಕ್ಕಿಗೆ, ಬಸವಕಲ್ಯಾಣದಲ್ಲಿ. ಮುಂದೆ ವೈಜನಾಥ, ಹತ್ತು ಹೆಜ್ಜೆ ಹಿಂದೆ ಶೇವಂತಾಬಾಯಿ. ಮದುವೆಯಾಗಿ ಇಪ್ಪತ್ನಾಲ್ಕು ವರ್ಷ ಅವರು ನಡೆದದ್ದೇ ಹಾಗೆ. ಗಂಡಹೆಂಡತಿ ಜೋಡಿಯಾಗಿ ನಡೆದರೆ ಮಂದಿ ಬಾಯಿಗೆ ಸೆರಗು ಹಿಡಿದು ನಗುವ ಕಾಲ ಅದು. ಈಗ ಹತ್ತು ಹೆಜ್ಜೆ ದೂರದಿಂದ ನಾಡಿ ಎಣಿಸುವುದು ಹ್ಯಾಗೆ? ಹುಣಸೆಮರದ ಹತ್ತಿರ ಬಂದಾಗ ವೈಜನಾಥ ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ಕಳ್ಳನ ಹಾಗೆ ಆಕೆಯ ಮಣಿಕಟ್ಟು ಹಿಡಿದ.

ಮದುವೆಯ ಚಪ್ಪರದಲ್ಲಿ ಹಿಡಿದ ಕೈ ಅದು. ಹಗಲು ಬೆಳಕಿನಲ್ಲಿ ಮತ್ತೆ ಹಿಡಿದದ್ದು ಇದೇ ಮೊದಲು. ಶೇವಂತಾಬಾಯಿಗೆ ಬೆವರು ನಡಿಗೆಯಿಂದ ಬಂತೋ ನಾಚಿಕೆಯಿಂದ ಬಂತೋ ತಿಳಿಯಲಿಲ್ಲ.

"ಮೂವತ್ತಾರು. ನಿಲ್ಲು," ಎಂದ ಅವನು, ಬಸ್ಸಿಗೆ ಹೇಳಿದಂತೆ. ಇನ್ನೊಂದು ಫರ್ಲಾಂಗು ನಡೆದ ಮೇಲೆ: "ಇಪ್ಪತ್ತೆರಡು. ಲೇಟ್ ಆಗಾಕತ್ತದ, ಜಲ್ದಿ ನಡಿ."

ವಾರ ಕಳೆಯುವುದರಲ್ಲಿ ಆಕೆಗೇ ಅಂದಾಜು ಸಿಕ್ಕಿತು. ಮೂವತ್ತು ಎಂದರೆ ಹಣೆ ಪಸೆಪಸೆ, ಮಾತಾಡಬಹುದು, ಹಾಡಲಾಗದು. ರುಚಿ ನೋಡುವ ಸೌಟನ್ನೂ ಬಿಟ್ಟು ಬೆರಳ ತುದಿಗೆ ಇಳಿದಳು. ಅದಂತೂ ನಡಿಗೆಗಿಂತ ಕಷ್ಟವಾಯಿತು.

ಇಷ್ಟರಲ್ಲಿ ಹಾಲು ಮಾರುವ ಧೂಳಮ್ಮನ ಕಣ್ಣಿಗೆ ಇದು ಬಿತ್ತು. ಅವಳು ಕಂಡದ್ದೇನು? ಶೇವಂತಾಬಾಯಿ ತವರಿನ ದಾರಿ ಹಿಡಿದು ಬಿರಬಿರ ನಡೆಯುತ್ತಿದ್ದಾಳೆ, ಗಂಡ ಅಡ್ಡ ನಿಂತು ಕೈ ಹಿಡಿಯುತ್ತಾನೆ, ಆಕೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ. ಅದೂ ಒಂದು ದಿನವಲ್ಲ, ನಾಲ್ಕು ದಿನ! ನಮ್ಮ ಕಡೆ ಬೀದಿಯಲ್ಲಿ ಹೆಂಗಸಿನ ಮಣಿಕಟ್ಟು ಹಿಡಿಯುವವರು ಇಬ್ಬರೇ, ಒಬ್ಬ ಬಳೆಗಾರ, ಇನ್ನೊಬ್ಬ ಸಿಟ್ಟಿಗೆದ್ದ ಗಂಡ. ವೈಜನಾಥನಂತೂ ಬಳೆ ಮಾರುವವನಲ್ಲ.

ಸುದ್ದಿ ಬಸ್ಸು ಹತ್ತಿ ಕಲ್ಯಾಣಕ್ಕೆ ಹೋಯಿತು. ಆಕೆಯ ತಮ್ಮ ಬಂಡೆಪ್ಪ ತಿರುಗಿ ಬರುವ ಬಸ್ಸಿಗೇ ಬಂದಿಳಿದ. ಸೀದಾ ಕಂಟ್ರೋಲರ್ ಕಿಟಕಿಯ ಮುಂದೆ ನಿಂತು ಗುಡುಗಿದ: "ಮಾವಾ! ನಮ್ಮಕ್ಕ ಓಡಿ ಬರಾಕತ್ತಾಳ, ನೀ ದಾರ್‍ಯಾಗ ಎಳದಾಡಾಕತ್ತಿ ಅಂತ? ಆಕಿಗಿ ಯಾರೂ ಇಲ್ಲ ಅಂತ ತಿಳದೀಯೇನು?"

ವೈಜನಾಥ ರಿಜಿಸ್ಟರು ಮುಚ್ಚಿ ಎದ್ದು ನಿಂತ. ಮಂದಿ ಮುತ್ತಿದರು. ಗದ್ದಲ ಕೇಳಿ ಶೇವಂತಾಬಾಯಿ ಕೈಯಲ್ಲಿನ ಸೌಟಿನೊಂದಿಗೇ ರಸ್ತೆ ದಾಟಿ ಬಂದಳು.

"ಯಾರು ಎಳದಾಡ್ಯಾರೋ ಹುಚ್ಚಪ್ಪಾ? ನಾಡಿ ಎಣಸ್ತಾರ, ನನ್ನ ನಾಡಿ! ಡಾಕ್ಟರ್ ಹೇಳ್ಯಾರ!"

ಇಡೀ ನಿಲ್ದಾಣ ಗೊಳ್ಳೆಂದು ನಕ್ಕಿತು. ಬಂಡೆಪ್ಪ ತಲೆ ತಗ್ಗಿಸಿ ಖಾನಾವಳಿಗೆ ಹೋಗಿ ಐದು ರೊಟ್ಟಿ ತಿಂದು ಊರಿಗೆ ಹೋದ. ಅವನದು ಅಲ್ಲಿಗೆ ಮುಗಿಯಿತು, ವೈಜನಾಥನದು ಮುಗಿಯಲಿಲ್ಲ. "ಸಾಹೇಬ್ರ, ನಮ್ಮ ಇಂಜಿನ್ನಿನ ನಾಡಿನೂ ಒಂದೀಟು ನೋಡ್ರಿ," ಎಂದು ಡ್ರೈವರುಗಳು ದಿನಕ್ಕೆ ಹತ್ತು ಸಲ ಕಿಚಾಯಿಸಿದರು. ಮರುದಿನ ಬೆಳಿಗ್ಗೆ ಅವನು ಹತ್ತಲ್ಲ, ಇಪ್ಪತ್ತು ಹೆಜ್ಜೆ ಮುಂದೆ ನಡೆದ. ಹುಣಸೆಮರ ಬಂತು, ಹೋಯಿತು. ಅವನು ನಿಲ್ಲಲಿಲ್ಲ.

ಆಕೆ ಕೇಳಲಿಲ್ಲ. ಕೇಳಬೇಕೇನು ಇಂಥದನ್ನು? ಹೀಗೇ ಮೂರು ತಿಂಗಳು ಎಣಿಕೆಯಿಲ್ಲದೆ ನಡೆದಳು. ಒಂದು ದಿನ ಬೇಸರಕ್ಕೆ ಕಾಲೆಳೆಯುತ್ತ, ಇನ್ನೊಂದು ದಿನ ದೀಪಾವಳಿ ನೆನಪಾಗಿ ಓಡುತ್ತ. ನಡುವೆ ಒಮ್ಮೆ ತೂಗಿಸಿದಾಗ ಪಂಡರಿಯ ಕಾಟಾ ಒಂದು ಕಿಲೋ ಇಳಿದದ್ದು ತೋರಿಸಿತು, ಅಷ್ಟೇ. ಶ್ರಾವಣದ ಒಂದು ಮುಂಜಾನೆ ಸಿಟ್ಟು ನೆತ್ತಿಗೇರಿ, ಗಂಡನನ್ನೇ ದಾಟುವೆನೆಂದು ದಪದಪ ಹೆಜ್ಜೆ ಹಾಕಿದಳು. ಹುಣಸೆಮರದ ಹತ್ತಿರ ಕಣ್ಣು ಮಂಜಾಯಿತು. ಮೈಲಿಗಲ್ಲಿನ ಮೇಲೆ ಕುಸಿದು ಕೂತಳು.

ಹಿಂದೆ ಹೆಜ್ಜೆಯ ಸಪ್ಪಳ ನಿಂತದ್ದು ಕೇಳಿ ವೈಜನಾಥ ತಿರುಗಿದ. ಆ ಮನುಷ್ಯ ಓಡಿದ್ದನ್ನು ಅಂದಿನವರೆಗೆ ಯಾರೂ ಕಂಡಿರಲಿಲ್ಲ, ಅಂದು ಓಡಿದ. ಮಣಿಕಟ್ಟು ಹಿಡಿದ. ನಲವತ್ತೊಂದು.

ಅದೇ ಹೊತ್ತಿಗೆ ಕಲ್ಯಾಣದ ಆರು ಗಂಟೆಯ ಬಸ್ಸು ಬಂದು ಪಕ್ಕದಲ್ಲಿ ನಿಂತಿತು. ಪ್ರತಿ ಕಿಟಕಿಯಿಂದಲೂ ಒಂದು ತಲೆ ಹೊರಗೆ.

"ಬಿಡ್ರಿ, ಮಂದಿ ನೋಡಾಕತ್ತಾರ," ಎಂದು ಆಕೆ ಕೈ ಎಳೆದುಕೊಂಡಳು.

"ನೋಡ್ಲಿ. ಎಣಿಕಿ ತಪ್ತದ, ಸುಮ್ಕ ಕೂಡು."

ಡ್ರೈವರು ಇಳಿದು ನೀರು ತಂದುಕೊಟ್ಟ. ಯಾರೂ ನಗಲಿಲ್ಲ. ಮೂವತ್ತೆಂಟು, ಮೂವತ್ತೈದು, ಇಪ್ಪತ್ತೊಂಬತ್ತು. ಅಲ್ಲಿಯವರೆಗೆ ವೈಜನಾಥ ಕೈ ಬಿಡಲೂ ಇಲ್ಲ, ತಲೆ ಎತ್ತಲೂ ಇಲ್ಲ. ಬಸ್ಸು ಏಳು ನಿಮಿಷ ತಡವಾಯಿತು. ಆ ದಿನ ರಿಜಿಸ್ಟರಿನಲ್ಲಿ ಅವನೇ ತಡವನ್ನು ಬರೆದು, ಕಾರಣದ ಕಾಲಮ್ಮಿನಲ್ಲಿ 'ಮನೆಯವರ ನಾಡಿ' ಎಂದು ನಮೂದಿಸಿದ. ಮೇಲಿನವರು ಅದನ್ನು ಓದಿ ಏನಂದುಕೊಂಡರೋ, ಯಾರೂ ಏನೂ ಕೇಳಲಿಲ್ಲ.

ಅಂದಿನಿಂದ ಇಬ್ಬರೂ ಜೋಡಿಯಾಗಿ ನಡೆದರು. ಧೂಳಮ್ಮ ಎದುರಾದರೆ ಶೇವಂತಾಬಾಯಿ ತಾನೇ ಕೂಗುತ್ತಿದ್ದಳು: "ನೋಡಬೇ ಧೂಳಮ್ಮಾ, ಇವತ್ತೂ ಓಡಿ ಹೊಂಟೀನಿ!"

ದೀಪಾವಳಿಗೆ ಕಾಟಾ ಎಪ್ಪತ್ತೇಳು ಕಿಲೋ ತೋರಿಸಿತು. ಡಾಕ್ಟರು ನಾಡಿ ನೋಡಿ ನಕ್ಕರು. "ಒಲಿ ಹಚ್ಚರಿ ಬಾಯಿ. ನಡಿಯೋದು ಬಿಡಬ್ಯಾಡ್ರಿ, ಆದ್ರ ಎಣಸೋದು ಇನ್ನ ಬ್ಯಾಡ. ನಿಮಗ ತಾನ ತಿಳೀತದ."

ಆಕೆ ಹಿಗ್ಗಿದಳು. ಮಂದಿಗೆಲ್ಲ ಹೋಳಿಗೆ ಬಡಿಸಿ, ತಾನು ಬೆರಳ ತುದಿಯಷ್ಟೇ ರುಚಿ ನೋಡಿದಳು. ಆದರೂ ಎಲ್ಲೋ ಒಂದು ಕಡೆ ಮನಸ್ಸು ಚುರ್ರೆಂದಿತು. ಸಂಜೆ ವೈಜನಾಥ ಗಡಿಯಾರ ಬಿಚ್ಚಿ, ಇನ್ನು ಮುಂಜಾನೆ ಎಣಿಸುವುದಿಲ್ಲವಲ್ಲ, ನಿಲ್ದಾಣದಲ್ಲಿ ಗೋಡೆ ಗಡಿಯಾರ ಉಂಟಲ್ಲ ಎಂದು, ಸ್ವಚ್ಛಮಾಡಿಸಲು ಗಯಾಸುದ್ದೀನನ ಗಡಿಯಾರ ರಿಪೇರಿ ಅಂಗಡಿಗೆ ಒಯ್ದು ಕೊಟ್ಟ.

ಮರುದಿನ ಬೆಳಿಗ್ಗೆ ಚಳಿ. ಇಬ್ಬರೂ ಜೋಡಿಯಾಗಿ ನಡೆದರು. ಹುಣಸೆಮರ ಬಂತು. ಶೇವಂತಾಬಾಯಿ ನಿಂತಳು, ಕೈ ಚಾಚಿದಳು.

ವೈಜನಾಥ ಎಡಬಲ ನೋಡಲಿಲ್ಲ. ಮಣಿಕಟ್ಟು ಹಿಡಿದು ತನ್ನ ಎಡಗೈ ತಿರುಗಿಸಿದ. ಅಲ್ಲಿ ಗಡಿಯಾರವಿರಲಿಲ್ಲ, ಅದರ ಪಟ್ಟಿಯಿದ್ದ ಬಿಳಿ ಗುರುತು ಮಾತ್ರ ಇತ್ತು. ಅವನು ಆ ಗುರುತನ್ನೇ ನೋಡುತ್ತ, ತುಟಿ ಅಲ್ಲಾಡಿಸುತ್ತ ಕಾಲು ನಿಮಿಷ ನಿಂತ. ಆಕೆಯೂ ಅದನ್ನೇ ನೋಡುತ್ತ ನಿಂತಳು.

"ಮೂವತ್ತು," ಎಂದ.

"ನನಗ ಮೂವತ್ತೆರಡ ಅನಸ್ತದ," ಎಂದಳು ಶೇವಂತಾಬಾಯಿ. "ಇನ್ನೊಮ್ಮೆ ಎಣಸ್ರಿ."

ಅವನು ಮತ್ತೆ ಮೊದಲಿನಿಂದ ಎಣಿಸತೊಡಗಿದ.