ಶೆಬದ ರಾಣಿ ಕೂತ ಕಲ್ಲು

ಒಮಾನಿನ ಸಲಾಲಾದ ಆಚೆ, ಸಮುದ್ರಕ್ಕೆ ಮುಖ ಮಾಡಿ, ಸುಮ್ಹುರಂ ಎಂಬ ಹಾಳು ಬಂದರಿದೆ. ಒಂದು ಕಾಲದಲ್ಲಿ ಇಲ್ಲಿಂದ ಹಡಗುಗಟ್ಟಲೆ ಧೂಪ ಹೋಗುತ್ತಿತ್ತು. ಬೈಬಲಿನ ಶೆಬದ ರಾಣಿಯ ಬಂದರು ಇದೇ ಎಂದು ಜನ ಹೇಳುತ್ತಾರೆ. ಜನ ಅಷ್ಟಕ್ಕೇ ನಿಲ್ಲಿಸಿದ್ದರಿಂದ ಉಳಿದದ್ದನ್ನು ನಾನೇ ಹೇಳಬೇಕಾಯಿತು.

"ಅಜ್ಜಿ, ರಾಣಿ ದಿನಾ ಸಂಜೆ ಈ ಕಲ್ಲಿನ ಮೇಲೆ ಕೂತ್ಕೊಳ್ತಿದ್ದದ್ದು. ಕಾಲಿಗೆ ಎಣ್ಣೆ ಹಚ್ಲಿಕ್ಕೇ ನಲ್ವತ್ತು ಜನ!"

ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡರು.

ಹೊರಗೆ ಹೋಗುವಾಗ ಪಪ್ಪನ ಕಣ್ಣು ಅಜ್ಜಿಯ ಮುಷ್ಟಿಯ ಮೇಲೆ ಬಿತ್ತು. ಕರ್ಚೀಫಿನೊಳಗೆ ಆ ಕಲ್ಲಿನ ಒಂದು ಚಕ್ಕೆ.

"ಸಂತರ ಸಮಾಧಿಯಿಂದ ಒಂದು ಚಿಟಿಕೆ ಮಣ್ಣು ತರೂದಿಲ್ವಾ ನಾವು? ಹಾಗೇ ಇದು. ಮನೆಯ ದೇವರ ಅಲ್ತಾರಿಗೆ."

"ಅಮ್ಮಾ, ಬೋರ್ಡ್ ನೋಡ್ಲಿಲ್ವಾ? ಇಲ್ಲಿಂದ ಎಂತ ತೆಗೆದ್ರೂ ಪೊಲೀಸ್ ಕೇಸ್. ನಂಗೆ ಕೆಲಸ ಕೊಟ್ಟ ಕಫೀಲ್‌ಗೆ ಗೊತ್ತಾದ್ರೆ ಕೆಲಸ, ವೀಸಾ ಎಲ್ಲ ಖಲಾಸ್!"

"ರಾಣಿ ಕೂತದ್ದನ್ನ ಬಿಸಾಡ್ಲಿಕ್ಕಾಗ್ತದಾ?" ಅಜ್ಜಿ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅಷ್ಟರಲ್ಲಿ ಗೇಟಿನ ಗಾರ್ಡು ನಮ್ಮತ್ತ ಹೊರಟಿದ್ದ. ಏಳಡಿ ಎತ್ತರದ ಮನುಷ್ಯ. ಐದೂವರೆ ಇದ್ದಿರಬೇಕು ಎಂದು ಪಪ್ಪ ಈಗಲೂ ವಾದಿಸುತ್ತಾರೆ. ಅವರು ಆಗ ನೆಲ ನೋಡುತ್ತಿದ್ದರು, ನಾನು ಅವನನ್ನೇ ನೋಡುತ್ತಿದ್ದೆ. ಪಪ್ಪನ ಮೇಲ್ತುಟಿಯಲ್ಲಿ ಬೆವರು. ಅವರು ನನ್ನತ್ತ ತಿರುಗಿ, ಅಜ್ಜಿಯ ಸೊಂಟದ ಕಡೆ ಕಣ್ಣು ಮಾಡಿದರು.

"ಅಜ್ಜಿ, ರಾಣಿ ಅಲ್ಲಿ ಕೂರ್ಲಿಲ್ಲ. ನಾನು ಸುಮ್ನೆ ರೀಲು ಬಿಟ್ಟದ್ದು."

"ಎಣ್ಣೆ?"

"ಎಣ್ಣೆಯೂ ಇಲ್ಲ."

"ಒಬ್ರೂ ಇರ್ಲಿಲ್ವಾ? ನಲ್ವತ್ತರಲ್ಲಿ?"

ಗಾರ್ಡು ಹತ್ತು ಹೆಜ್ಜೆ ದೂರದಲ್ಲಿದ್ದ. ಅಜ್ಜಿ ಸೊಂಟದಿಂದ ಗಂಟು ಬಿಚ್ಚಿ ಚಕ್ಕೆಯನ್ನು ನನ್ನ ಅಂಗೈಗೆ ಒತ್ತಿದರು. "ಹಾಗಾದ್ರೆ ನಿಂದೇ ಇದು. ನೀನೇ ಹೇಳು ಅವನಿಗೆ."

"ಕ್ಯಾ ಹೈ?" ಎಂದ ಗಾರ್ಡು.

ಹೇಳಲು ನನ್ನಲ್ಲಿ ಒಂದು ಕಥೆಯೂ ಇರಲಿಲ್ಲ. ಕೈ ಚಾಚಿದೆ. ಅವನು ಕಲ್ಲು ನೋಡಿದ, ನನ್ನ ನೋಡಿದ, ಪಪ್ಪನನ್ನು ಬಹಳ ಹೊತ್ತು ನೋಡಿದ. ಎಲ್ಲಿಂದ ತೆಗೆದದ್ದು, ತೋರಿಸು ಎಂದು ಹಿಂದಿಯಲ್ಲಿ ಹೇಳಿದ. ನಾನು ಮುಂದೆ, ಅವನು ಹಿಂದೆ. ಆ ಮೂವತ್ತು ಮಾರು ದಾರಿ ಮಸ್ಕತ್ತಿನಷ್ಟು ದೂರವಿತ್ತು. ಚಕ್ಕೆಯನ್ನು ಆ ಕಲ್ಲಿನ ಬುಡದಲ್ಲಿಟ್ಟೆ. ಅವನು ಬಗ್ಗಿ, ಅದನ್ನು ಒಂದು ಬೆರಳು ಈಚೆ ಸರಿಸಿದ.

"ಯಲ್ಲಾ, ಜಾವ್," ಎಂದು ಗೇಟಿನತ್ತ ಕೈ ತೋರಿಸಿದ.

ಪಪ್ಪ ಕಾರಿನ ಕೀ ಮೂರು ಸಲ ಕೆಳಗೆ ಬೀಳಿಸಿದರು. ಮುಂದೆ ಹೋದದ್ದು ಸಲಾಲಾ ಪೇಟೆಯೊಳಗಿನ ಪ್ರವಾದಿ ನಬಿ ಇಮ್ರಾನರ ಸಮಾಧಿಗೆ. ಅವರು ಮೇರಿ ಮಾತೆಯ ತಂದೆ ಎಂದು ನಂಬುವವರಿದ್ದಾರೆ. ಸಮಾಧಿ ಒಂದು ಬಸ್ಸಿಗಿಂತ ಉದ್ದ. ಇದು ನಿಜ, ಬೇಕಾದರೆ ಹೋಗಿ ನೋಡಿ.

"ಇಷ್ಟುದ್ದ ಯಾಕೆ?" ಎಂದು ಅಜ್ಜಿ ಕೇಳಿದರು. ನನ್ನನ್ನಲ್ಲ, ಬಾಗಿಲ ಬಳಿ ಕೂತಿದ್ದ ಒಮಾನಿ ಮುದುಕನನ್ನು, ಶುದ್ಧ ಕನ್ನಡದಲ್ಲಿ.